ಹಿಂದೆ ಬರೀ ಗೋಡೆ

ಮನೆಯಲ್ಲಿ ಚಿಕ್ಕವಳನ್ನು ಎಲ್ಲರೂ ಗೂಬೆ ಅಂತಲೇ ಕರೆಯುತ್ತಿದ್ದರು. ಮುಖ ನೋಡಿ ಇಟ್ಟ ಹೆಸರಲ್ಲ, ಮುಖ ಲಕ್ಷಣವಾಗಿಯೇ ಇತ್ತು. ಕತ್ತು ನೋಡಿ ಇಟ್ಟಿದ್ದು. ಸೈಕಲ್ ಹತ್ತಿದಳು ಅಂದರೆ ನಾಲ್ಕು ಸಲ ತುಳಿಯೋದರೊಳಗೆ ಒಂದು ಸಲ ಹಿಂದೆ ತಿರುಗಬೇಕು. ಎಲ್ಲೋ ಹಾರ್ನ್ ಕೂಗಿದರೆ ತಿರುಗಬೇಕು, ಗಾಳಿಗೆ ಪ್ಲಾಸ್ಟಿಕ್ ಚೀಲ ಸರಕ್ಕೆಂದರೂ ತಿರುಗಬೇಕು. ಹಿಂದೆ ಲಾರಿ ಬಂತೋ, ಮುಗೀತು, ಸೈಕಲ್ಲಿಂದ ಇಳಿದು ಯಾರದೋ ಕಾಂಪೌಂಡಿಗೆ ಒರಗಿ ನಿಂತುಬಿಡುವಳು. "ಇವಳ ಸೈಕಲ್ಲಿಗೆ ಹ್ಯಾಂಡಲ್ ಹಿಂದಕ್ಕೆ ಹಾಕಿಸ್ಬೇಕು ಕಣೆ, ನೋಡೋ ಕಡೆಗಾದ್ರೂ ಹೋಗ್ತಾಳೆ" ಅಂತ ಅಮ್ಮ ನಗುತ್ತಿದ್ದಳು. ಗೂಬೆಯೂ ನಗುತ್ತಿದ್ದಳು. ನಗುವ ಹೊತ್ತಿಗೂ ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿಯೇ ನಗುವ ಜಾತಿ ಅವಳದು.

ಇಂಥವಳಿಗೆ ಅಂಚೆ ಹಂಚುವ ಕೆಲಸ ಸಿಕ್ಕಿತು ಅಂದರೆ ನಂಬುತ್ತೀರಾ? ಸಿಕ್ಕಿತು. ಓದು ಮುಗಿಸಿ ಮನೆಯಲ್ಲಿ ಕೂತು ಕೂತು, ಅಮ್ಮನ ಜೊತೆ ಸೊಪ್ಪು ಬಿಡಿಸಿ ಬಿಡಿಸಿ, ಕೊನೆಗೆ ಬಂದ ಒಂದೇ ಒಂದು ಕೆಲಸ ಅದು. ಆದರೆ ದಿನವಿಡೀ ದೊಡ್ಡ ರಸ್ತೆಯಲ್ಲಿ ಸೈಕಲ್ ತುಳಿಯಬೇಕು. ಮುಂದಿನ ತಿಂಗಳ ಮೊದಲ ದಿನ ಹಾಜರಾಗಬೇಕು, ಇಲ್ಲದಿದ್ದರೆ ಕಾಯುತ್ತಿರುವ ಇನ್ನೊಬ್ಬರಿಗೆ ಹೋಗುತ್ತದೆ.

"ನನ್ನ ಕೈಲಾಗಲ್ಲ ಅಕ್ಕ. ಗಲ್ಲಿ ಒಳಗೆ ಆದ್ರೆ ಪರವಾಗಿಲ್ಲ. ದೊಡ್ಡ ರಸ್ತೇಲಿ ಹಿಂದೆ ಏನು ಬರ್ತಿದೆಯೋ ಅಂತ ಅಂಗೈಯೆಲ್ಲ ಬೆವರುತ್ತೆ" ಅಂದಳು ಗೂಬೆ. ಕಣ್ಣಲ್ಲಿ ನೀರಿತ್ತು.

"ಅಯ್ಯೋ ಹುಚ್ಚಿ, ಅದಕ್ಯಾಕೆ ಅಳ್ತೀಯಾ? ನಾನಿಲ್ವಾ?" ಅಂದಳು ಅಕ್ಕ.

ಅಲ್ಲಿಂದ ಶುರುವಾಯಿತು ನೋಡಿ.

ಅಕ್ಕ ಕೆಲಸ ಮಾಡುತ್ತಿದ್ದದ್ದು ರಸ್ತೆ ಸುರಕ್ಷತೆಯ ಬಗ್ಗೆ ಸಂಶೋಧನೆ ನಡೆಸುವ ಒಂದು ಸಂಸ್ಥೆಯಲ್ಲಿ. ಅಲ್ಲಿ ಕೆಳಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಒಂದು ಸೈಕಲ್ ಇತ್ತು. ಎಲ್ಲಿಗೂ ಹೋಗುವ ಸೈಕಲ್ಲಲ್ಲ. ಕಬ್ಬಿಣದ ಚೌಕಟ್ಟಿಗೆ ಬೋಲ್ಟು ಹಾಕಿ ಬಿಗಿದು, ಹಿಂದಿನ ಚಕ್ರವನ್ನು ಒಂದು ಉರುಳೆಯ ಮೇಲೆ ಕೂರಿಸಿದ್ದರು. ಎದುರಿಗೆ ಆಳೆತ್ತರದ ಮೂರು ಪರದೆ. ತುಳಿದ ಹಾಗೆ ಪರದೆಯಲ್ಲಿ ರಸ್ತೆ ಎದುರಿಗೆ ಓಡಿಬರುತ್ತಿತ್ತು, ಹ್ಯಾಂಡಲ್ ತಿರುಗಿಸಿದರೆ ರಸ್ತೆಯೂ ತಿರುಗುತ್ತಿತ್ತು, ಜೋರಾಗಿ ತುಳಿದರೆ ಮುಂದಿನ ಫ್ಯಾನು ಜೋರಾಗಿ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಹಿಂದೆ ವಾಹನ ಬರುವ ಸದ್ದಿಗೆ ಬೆನ್ನ ಹಿಂದೆ ಎರಡು ಸ್ಪೀಕರು. ಸಿಮ್ಯುಲೇಟರ್ ಅಂತ ಸಂಸ್ಥೆಯವರು ಕರೆದರೆ, ಅಮ್ಮನ ಬಾಯಲ್ಲಿ ಅದು ಸುಳ್ಳು ಸೈಕಲ್ಲು. "ದಿನವಿಡೀ ತುಳಿದ್ರೂ ಇದ್ದಲ್ಲೇ ಇರೋದಕ್ಕೆ ಅಷ್ಟೆಲ್ಲ ಓದ್ಬೇಕೇನೆ? ನಾನು ನಿಮ್ಮಪ್ಪನ ಜೊತೆ ಓದದೇನೇ ಮಾಡಿದೆ" ಅನ್ನುತ್ತಿದ್ದಳು.

ಈ ಸುಳ್ಳು ಸೈಕಲ್ಲು ನಿಜದ ಸೈಕಲ್ಲಿಗೆ ಎಷ್ಟು ಹತ್ತಿರ ಅಂತ ಅಳೆಯುವುದೇ ಆ ವರ್ಷದ ಕೆಲಸ. ಸಂಸ್ಥೆಯ ಗೇಟಿನಿಂದ ನೀರಿನ ಟ್ಯಾಂಕಿನ ಹತ್ತಿರ ಬಲಕ್ಕೆ ತಿರುಗುವ ಮೂಲೆಯವರೆಗೆ ಹೊರಗಿನ ರಸ್ತೆಯನ್ನು ಇದ್ದದ್ದು ಇದ್ದ ಹಾಗೇ ಪರದೆಗೆ ಇಳಿಸಿದ್ದರು. ಮುರಿದ ಫುಟ್‌ಪಾತು, ಔಷಧಿ ಅಂಗಡಿಯ ಬೋರ್ಡು, ಬಣ್ಣ ಹೋದ ದೀಪದ ಕಂಬ, ಎಲ್ಲ. ಬಂದವರು ಮೊದಲು ಕೋಣೆಯೊಳಗೆ ಆ ರಸ್ತೆ ತುಳಿಯಬೇಕು. ಆಮೇಲೆ ಅಳತೆಯ ಯಂತ್ರ ಕಟ್ಟಿದ ನಿಜವಾದ ಸೈಕಲ್ಲಿನಲ್ಲಿ ಹೊರಗೆ ಅದೇ ರಸ್ತೆ ತುಳಿಯಬೇಕು. ಎಲ್ಲಿ ವೇಗ ಎಷ್ಟು, ಎಲ್ಲಿ ನಿಧಾನ, ಎಲ್ಲಿ ತಿರುವು, ಅಂತ ಎರಡು ಗೆರೆ ಬರುತ್ತಿತ್ತು. ಕೋಣೆಯದು ನೀಲಿ ಗೆರೆ, ರಸ್ತೆಯದು ಕೆಂಪು. ಎರಡೂ ಹೊಂದಿಕೊಂಡರೆ ಯಂತ್ರ ಗೆದ್ದ ಹಾಗೆ. ಆಮೇಲೆ ಊರಿನ ಸೈಕಲ್ ದಾರಿಗಳನ್ನೆಲ್ಲ ಇದರ ಮೇಲೇ ಪರೀಕ್ಷೆ ಮಾಡಬಹುದು, ರಸ್ತೆಗೆ ಇಳಿಯುವುದೇ ಬೇಡ.

ಹೊಂದಿಕೊಳ್ಳಲಿಲ್ಲ. ಎಣ್ಣೆ ಸೀಗೆಕಾಯಿ ಅಂತಾರಲ್ಲ, ಹಾಗೆ. ಟ್ಯಾಂಕಿನ ಮೂಲೆ ಬಂತು ಅಂದರೆ ರಸ್ತೆಯಲ್ಲಿ ಎಲ್ಲರೂ ನಿಧಾನ ಮಾಡುತ್ತಿದ್ದರು, ಭುಜದ ಮೇಲಿಂದ ಹಿಂದೆ ನೋಡುತ್ತಿದ್ದರು, ಆಮೇಲೆ ತಿರುಗುತ್ತಿದ್ದರು. ಕೋಣೆಯಲ್ಲಿ? ಕೈ ಚಾಚಿ ಸರ್ರನೆ ತಿರುಗುವುದೇ. ಯಾಕೆ ತಿರುಗಬಾರದು? ಪರದೆಯ ವಾಹನಗಳಿಗೆ ಗುದ್ದುವುದೇ ಬರುತ್ತಿರಲಿಲ್ಲ. ಮೊದಮೊದಲು ಬರುತ್ತಿತ್ತು. ಆದರೆ ಒಂದು ಸಲ ಗುದ್ದಿದರೆ ಚಿತ್ರವೆಲ್ಲ ಅಲ್ಲೇ ಕಲ್ಲಾಗಿ ನಿಂತು ಆ ಸವಾರಿಯ ಲೆಕ್ಕವೇ ಹಾಳಾಗುತ್ತಿತ್ತು. ಅದಕ್ಕೆ ವಾಹನಗಳೆಲ್ಲ ಸೈಕಲ್ ಹತ್ತಿರ ಬಂದ ತಕ್ಷಣ ನಿಂತುಬಿಡುವ ಹಾಗೆ ಮಾಡಿದ್ದರು. ಎಂಥ ಮರ್ಯಾದಸ್ಥ ವಾಹನಗಳು ಅಂತೀರಿ! ಹಾರ್ನ್ ಹೊಡೆಯುತ್ತಿದ್ದವು, ನಿಲ್ಲುತ್ತಿದ್ದವು.

ಇನ್ನು ಹಿಂದೆ ನೋಡುವ ವಿಷಯ. ಹಿಂದೆ ನೋಡಿದರೆ ಕಾಣುವುದೇನು? ಸುಣ್ಣ ಬಳಿದ ಗೋಡೆ, ಅದರ ಮೇಲೊಂದು ಟ್ಯೂಬ್‌ಲೈಟು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಓಡುವ ರಸ್ತೆಯಿಂದ ನಿಂತ ಗೋಡೆಗೆ, ನಿಂತ ಗೋಡೆಯಿಂದ ಓಡುವ ರಸ್ತೆಗೆ ಕಣ್ಣು ಹೊರಳಿದರೆ ಹೊಟ್ಟೆ ತೊಳಸುತ್ತಿತ್ತು. ಒಬ್ಬ ಬ್ಯಾಂಕಿನವನು ಹ್ಯಾಂಡಲ್ ಮೇಲೇ ವಾಂತಿ ಮಾಡಿದ. ಅವನ ಹಿಂದೆ ಬಂದ ಟೀಚರಮ್ಮ ಪರದೆಯವರೆಗೂ ಮಾಡಿದರು. ಒರೆಸಿದ್ದು ಯಾರು? ಅಕ್ಕನೇ. ಬಕೆಟ್ಟು, ಒರೆಸುವ ಬಟ್ಟೆ, ಫಿನಾಯಿಲು. ಒರೆಸಿ ಒರೆಸಿ ಬೇಸತ್ತು, ಸವಾರಿಗೆ ಮುಂಚೆ ಓದಿ ಹೇಳುವ ಸೂಚನೆಗಳ ಕೊನೆಗೆ ತಾನೇ ಒಂದು ಸಾಲು ಸೇರಿಸಿದಳು: ಕಣ್ಣು ಪರದೆಯ ಮೇಲೇ ಇರಲಿ, ಹಿಂದೆ ತಿರುಗಬೇಡಿ, ತಲೆ ಸುತ್ತುತ್ತದೆ. ಅಲ್ಲಿಗೆ ವಾಂತಿ ನಿಂತಿತು. ಭೇಷ್ ಅಂದರು ಸರ್.

ಸರ್ ಅಂದರೆ ಪ್ರೊಫೆಸರು, ಆ ಕೋಣೆಗೆಲ್ಲ ಯಜಮಾನರು. ಕೆಟ್ಟ ಮನುಷ್ಯನಲ್ಲ. ಬಾಯಿ ತುಂಬ "ಏನಮ್ಮಾ" ಅಂತ ಮಾತಾಡಿಸುವವರೇ. ಆದರೆ ಆ ಎರಡು ಗೆರೆ ಹೊಂದದೆ ಅವರಿಗೆ ನಿದ್ದೆ ಇರಲಿಲ್ಲ. ಹಿಂದೆ ನೋಡುವುದನ್ನು ರಸ್ತೆಯಲ್ಲಿ ಹೆಲ್ಮೆಟ್ಟಿನ ಕ್ಯಾಮೆರಾ ಅಳೆಯುತ್ತಿತ್ತು, ಕೋಣೆಯಲ್ಲಿ ಅದು ಬರೀ ಸೊನ್ನೆ. "ಹೋಲಿಸೋಕೆ ಆಗದ್ದನ್ನ ಯಾಕಮ್ಮಾ ಹೋಲಿಸ್ಬೇಕು? ಬಿಟ್ಬಿಡು ಅದನ್ನ" ಅಂದರು. ಅಕ್ಕ ಬಿಟ್ಟಳು. ನೆಗಡಿ ಅಂತ ಮೂಗು ಕೊಯ್ದ ಹಾಗಾಯಿತಲ್ಲ ಅಂತ ಆ ಹೊತ್ತಿಗೆ ಯಾರಿಗೂ ಅನ್ನಿಸಲಿಲ್ಲ, ಅಕ್ಕನಿಗೂ ಅನ್ನಿಸಲಿಲ್ಲ.

ಈ ಕೋಣೆಗೆ ಅಕ್ಕ ತಂಗಿಯನ್ನು ಕರೆದುಕೊಂಡು ಬಂದಳು. ಸಂಜೆ ಎಲ್ಲರೂ ಹೋದ ಮೇಲೆ ಸ್ವಲ್ಪ ಹೊತ್ತು ತುಳಿಯಲಿ, ಲಾರಿ ಭಯ ಹೋಗಲಿ, ಬಿದ್ದರೆ ಏಟಿಲ್ಲ, ಗುದ್ದಿದರೆ ನೋವಿಲ್ಲ, ಇದಕ್ಕಿಂತ ಇನ್ನೇನು ಬೇಕು? ಸರ್ ಕೂಡ "ಧಾರಾಳವಾಗಿ" ಅಂದರು.

ಮೊದಲ ಸಂಜೆ ಗೂಬೆ ಎಷ್ಟು ಸಲ ತಿರುಗಿದಳೋ ಅವಳಿಗೇ ಗೊತ್ತಿಲ್ಲ. ಸ್ಪೀಕರಿನಲ್ಲಿ ಲಾರಿ ಗುರ್ ಅಂದರೆ ತಿರುಗುವಳು, ಗೋಡೆ ನೋಡುವಳು, ಮತ್ತೆ ಮುಂದೆ ನೋಡುವಳು. ಔಷಧಿ ಅಂಗಡಿ ದಾಟುವ ಮುಂಚೆಯೇ ಬಕೆಟ್ಟು ಬೇಕಾಯಿತು.

"ಹಿಂದೆ ಏನಿದೆ ಅಂತ ನೋಡ್ತೀಯೇ ಮಹರಾಯ್ತಿ? ಹಿಂದೆ ಬರೀ ಗೋಡೆ ಇದೆ. ಮುಂದೆ ನೋಡು" ಅಂದಳು ಅಕ್ಕ.

"ಸದ್ದು ಬರುತ್ತಲ್ಲಕ್ಕ!"

"ಸದ್ದು ಬಂದ್ರೆ ಬರ್ಲಿ. ಅದು ನಿಂತ್ಕೊಳ್ಳುತ್ತೆ. ನಾನು ಹೇಳ್ತಿಲ್ವಾ?"

ಹೇಳಿದರೆ ಕತ್ತು ಕೇಳಬೇಕಲ್ಲ. ಮಾರನೆಯ ದಿನ ಅಕ್ಕ ಒಂದು ಉಪಾಯ ಮಾಡಿದಳು. ಸೈಕಲ್ಲಿನ ಹಿಂದೆ ನಿಂತು, ಎರಡೂ ಕೈಯಿಂದ ತಂಗಿಯ ದವಡೆ ಹಿಡಿದುಕೊಂಡಳು, ಚಿಕ್ಕಂದಿನಲ್ಲಿ ಜಡೆ ಹಾಕುವಾಗ ಅಲ್ಲಾಡಬೇಡ ಅಂತ ಹಿಡಿಯುತ್ತಿದ್ದಳಲ್ಲ, ಹಾಗೆ. ಲಾರಿ ಸದ್ದು ಬಂದಾಗಲೆಲ್ಲ ಕತ್ತು ತಿರುಗಲು ಹೊರಡುತ್ತಿತ್ತು, ಕೈ ತಡೆಯುತ್ತಿತ್ತು. "ಹೂಂ, ಮುಂದೆ. ಮುಂದೆ ನೋಡು ಗೂಬೆ." ಇಬ್ಬರೂ ಬಿದ್ದು ಬಿದ್ದು ನಕ್ಕರು. ಕೆಲವು ಸಂಜೆ ಹೀಗೇ ಹೋಯಿತು. ಆಮೇಲೆ ಒಂದು ದಿನ ಅಕ್ಕ ಮೆಲ್ಲಗೆ ಕೈ ತೆಗೆದಳು. ಲಾರಿ ಬಂತು, ಹಾರ್ನ್ ಹೊಡೆಯಿತು. ಕತ್ತು ಅಲ್ಲಾಡಲಿಲ್ಲ. ಗೂಬೆ ಬಲಗೈ ಚಾಚಿದಳು, ಟ್ಯಾಂಕಿನ ಮೂಲೆಯಲ್ಲಿ ಸರ್ರನೆ ತಿರುಗಿದಳು. ಲಾರಿ ಮರ್ಯಾದೆಯಿಂದ ನಿಂತುಕೊಂಡಿತು.

"ಅಕ್ಕಾ! ಬೆವರೇ ಬರ್ಲಿಲ್ಲ ನೋಡು!" ಅಂತ ಅಂಗೈ ತೋರಿಸಿದಳು. ಒಣಗಿದ ಅಂಗೈ. ಅಕ್ಕನಿಗೆ ಆ ದಿನ ಸ್ವರ್ಗಕ್ಕೆ ಮೂರೇ ಗೇಣು.

ಆ ವಾರವೇ ರಸ್ತೆ ಸವಾರಿಗೆ ಬರಬೇಕಿದ್ದವರೊಬ್ಬರು ಜ್ವರ ಅಂತ ಕೈಕೊಟ್ಟರು. ವರದಿ ಕೇಳಿದ ಇಲಾಖೆಯವರು ಸದ್ಯದಲ್ಲೇ ಬರುವವರಿದ್ದರು. ಸರ್ ತಲೆ ಮೇಲೆ ಕೈ ಹೊತ್ತು ಕೂತಿದ್ದವರು ಅಕ್ಕನನ್ನು ನೋಡಿ, "ನಿನ್ನ ತಂಗಿ ಇದಾಳಲ್ಲಮ್ಮಾ" ಅಂದರು. ಕೆಲಸದವರ ಮನೆಯವರನ್ನು ಸವಾರಿಗೆ ಸೇರಿಸಬಾರದು ಅನ್ನುವ ನಿಯಮ ಇತ್ತು. ನಿಯಮ ಅವರಿಗೂ ನೆನಪಿತ್ತು, ಇವಳಿಗೂ ನೆನಪಿತ್ತು. ಅಕ್ಕನಿಗೆ ಅದಕ್ಕಿಂತ ಜೋರಾಗಿ ನೆನಪಿದ್ದದ್ದು ತಂಗಿಯ ಒಣಗಿದ ಅಂಗೈ. ಕೆಲಸಕ್ಕೆ ಸೇರುವ ಮುಂಚೆ ಒಂದು ಸಲ ನಿಜವಾದ ರಸ್ತೆ ತುಳಿದುಬಿಟ್ಟರೆ ಧೈರ್ಯ ಗಟ್ಟಿಯಾಗುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ ಅಂದುಕೊಂಡಳು, ಪಾಪ. ಹಕ್ಕಿ ಯಾವುದು ಅಂತ ನೋಡಿಕೊಳ್ಳಲಿಲ್ಲ.

ಬೆಳಗ್ಗೆ ಬಿಸಿಲು ಚೆನ್ನಾಗಿತ್ತು. ಗೂಬೆಗೆ ಹೆಲ್ಮೆಟ್ ಹಾಕಿ, ಗದ್ದದ ಕೆಳಗೆ ಪಟ್ಟಿ ಬಿಗಿದದ್ದು ಅಕ್ಕನೇ. "ಅಲ್ಲಿ ಹೇಗೆ ಹೋಗ್ತಿದ್ಯೋ ಹಾಗೇ ಬಾ. ಬೇರೆ ಏನೂ ಯೋಚನೆ ಮಾಡ್ಬೇಡ" ಅಂತ ಹೇಳಿ, ತಾನು ಮುಂದೆ ಹೋಗಿ ಟ್ಯಾಂಕಿನ ಮೂಲೆಯಲ್ಲಿ ನಿಂತಳು. ಸವಾರರು ಬರುವುದನ್ನು ಅಲ್ಲಿ ನಿಂತು ನೋಡುವುದು ಅವಳ ಕೆಲಸವೇ.

ಬಂದಳು. ದೂರದಿಂದಲೇ ಕಂಡಿತು, ನೆಟ್ಟಗೆ ಕೂತಿದ್ದಳು. ಕತ್ತು ನೆಟ್ಟ ಗೂಟದ ಹಾಗೆ ನೇರ. ಔಷಧಿ ಅಂಗಡಿ ದಾಟಿದಳು, ದೀಪದ ಕಂಬ ದಾಟಿದಳು. ಒಂದು ಸಲವೂ ತಿರುಗಲಿಲ್ಲ. ಅಕ್ಕನ ಎದೆ ಉಬ್ಬಿತು. ನಮ್ಮ ಗೂಬೆಯೇನಾ ಇದು, ಅಮ್ಮ ನೋಡಬೇಕಿತ್ತು ಅಂದುಕೊಂಡಳು. ಅಂದುಕೊಂಡು ಮುಗಿಯುವ ಮುಂಚೆ ಹಿಂದೆ ಬರುತ್ತಿದ್ದ ಹಾಲಿನ ವ್ಯಾನು ಕಂಡಿತು.

ವ್ಯಾನು ಹಾರ್ನ್ ಹೊಡೆಯಿತು. ಗೂಬೆ ಬಲಗೈ ಚಾಚಿದಳು.

"ಹಿಂದೆ! ಹಿಂದೆ ನೋಡೇ!" ಅಂತ ಅಕ್ಕ ಕಿರುಚಿದಳು.

ಗೂಬೆ ಅಕ್ಕನನ್ನು ನೋಡಿ ನಕ್ಕಳು. ನೋಡು, ಹೇಗೆ ಬಂದೆ ಅನ್ನುವ ನಗು. ವೇಗ ಕಡಿಮೆ ಮಾಡದೆ ಸರ್ರನೆ ತಿರುಗಿದಳು.

ಡ್ರೈವರು ಆಮೇಲೆ ಫುಟ್‌ಪಾತಿನ ಮೇಲೆ ಕೂತು ತಲೆ ಚಚ್ಚಿಕೊಳ್ಳುತ್ತಿದ್ದ. "ಹಾರ್ನ್ ಹೊಡೆದೆನಲ್ರೀ! ಹಾರ್ನ್ ಹೊಡೆದ್ರೆ ಯಾರಾದ್ರೂ ತಿರುಗಿ ನೋಡ್ತಾರಲ್ರೀ! ನೋಡಿ ನಿಂತ್ಕೊತಾಳೆ ಅಂದ್ಕೊಂಡೆ ಕಣ್ರೀ!" ಅವನದು ಸುಳ್ಳಲ್ಲ. ಅಕ್ಕ ಅವನ ಮಾತು ಕೇಳುತ್ತ, ರಸ್ತೆಯ ಮೇಲೆ ತಂಗಿಯ ತಲೆ ಅಲ್ಲಾಡದ ಹಾಗೆ ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದಳು. ಆಂಬುಲೆನ್ಸ್ ಬರುವವರೆಗೂ ಬಿಡಲಿಲ್ಲ.

ಜೀವ ಉಳಿಯಿತು. ತೊಡೆ ಮೂಳೆಗೆ ಕಬ್ಬಿಣ ಹಾಕಿದರು. ಕತ್ತಿನ ಎರಡು ಮೂಳೆಯನ್ನು ಸೇರಿಸಿ ಬಿಗಿದರು. ಕೈಕಾಲು ಆಡುತ್ತದೆ, ಅದೇ ಪುಣ್ಯ ಅಂದರು ಡಾಕ್ಟರು. ಕಾಲು ಸರಿಹೋಗುತ್ತದೆ. ಕತ್ತು ಮಾತ್ರ ಇನ್ನು ಮೊದಲಿನ ಹಾಗೆ ತಿರುಗುವುದಿಲ್ಲ, ಹಿಂದೆ ನೋಡಬೇಕೆಂದರೆ ಮೈಯೆಲ್ಲ ತಿರುಗಿಸಬೇಕು. ಅಮ್ಮ ಅದನ್ನು ಕೇಳಿ ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕೂತು, ಮಡಿಲಲ್ಲಿದ್ದ ಟವೆಲ್ಲನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. ಆ ದಿನದಿಂದ ಮನೆಯಲ್ಲಿ ಯಾರೂ ಗೂಬೆ ಅನ್ನಲಿಲ್ಲ.

ಮಾತು ಬಂದ ದಿನ ಅಕ್ಕ ಕೇಳಿಯೇಬಿಟ್ಟಳು. ಕೇಳದೆ ಇರಲು ಆಗಲಿಲ್ಲ.

"ಎಲೆ ಅಲ್ಲಾಡಿದ್ರೂ ತಿರುಗೋಳು ನೀನು. ಹಾರ್ನ್ ಕೇಳಿಸ್ಲಿಲ್ವೇನೆ?"

"ಕೇಳಿಸ್ತಕ್ಕ."

"ಮತ್ತೆ?"

"ನಿಂತ್ಕೊಳ್ಳುತ್ತೆ ಅಂದ್ಕೊಂಡೆ" ಅಂದಳು ಚಿಕ್ಕವಳು. ತಪ್ಪು ಮಾಡಿದವರ ಹಾಗೆ, "ಅಲ್ಲಿ ಯಾವಾಗ್ಲೂ ನಿಂತ್ಕೋತಿತ್ತಲ್ಲ" ಅಂತ ಸೇರಿಸಿದಳು.

ಅಕ್ಕ ಮತ್ತೆ ಕೆಲಸಕ್ಕೆ ಹೋದ ದಿನ ಸರ್ ಬಾಗಿಲವರೆಗೂ ಬಂದು ಕರೆದುಕೊಂಡು ಹೋದರು. "ಹೇಗಿದಾಳಮ್ಮಾ ಮಗು?" ಅಂದರು, ಕಣ್ಣು ಒದ್ದೆ ಮಾಡಿಕೊಂಡರು. ಆ ಕಣ್ಣೀರು ನಿಜವೇ. ಆಮೇಲೆ ಕಂಪ್ಯೂಟರಿನ ಮುಂದೆ ಕೂರಿಸಿದರು.

"ಇದನ್ನ ನೋಡು. ಈ ಹೊತ್ತಲ್ಲಿ ತೋರಿಸ್ಬಾರ್ದು, ಗೊತ್ತು. ಆದ್ರೂ ನೋಡು."

ನೀಲಿ ಗೆರೆ, ಕೆಂಪು ಗೆರೆ. ತಂಗಿಯವು. ಎರಡು ಅಂತ ಹೇಳಿದರೆ ಮಾತ್ರ ಗೊತ್ತಾಗಬೇಕು, ಹಾಗೆ ಒಂದರ ಮೇಲೊಂದು ಕೂತಿದ್ದವು. ಗೇಟಿನಿಂದ ಔಷಧಿ ಅಂಗಡಿ, ಅಂಗಡಿಯಿಂದ ಕಂಬ, ಕಂಬದಿಂದ ಮೂಲೆ, ಅದೇ ವೇಗ, ಅದೇ ತಿರುವು. ಟ್ಯಾಂಕಿನ ಹತ್ತಿರ ಕೆಂಪು ನಿಂತಿತ್ತು. ನೀಲಿ ಮಾತ್ರ ಮುಂದೆ ಹೋಗಿತ್ತು.

"ಇಂಥ ಹೊಂದಾಣಿಕೆ ನಾನು ಎಲ್ಲೂ ನೋಡಿಲ್ಲಮ್ಮಾ. ಆ ಕೊನೇ ತುಂಡು ಕತ್ತರಿಸಿದ್ರೆ..."

ಅಕ್ಕನ ಒಳಗೆ ಇಷ್ಟು ದಿನ ಕಟ್ಟಿಕೊಂಡಿದ್ದದ್ದೆಲ್ಲ ಒಡೆಯಿತು. "ಕತ್ತರಿಸ್ತೀರಾ? ಕತ್ತರಿಸಿ ಸರ್! ಹಿಂದೆ ನೋಡೋದನ್ನ ಕತ್ತರಿಸಿದ್ವಿ, ಗುದ್ದೋದನ್ನ ಕತ್ತರಿಸಿದ್ವಿ, ಇನ್ನು ಅವಳು ಬಿದ್ದಿದ್ದನ್ನೂ ಕತ್ತರಿಸಿ! ಈ ಯಂತ್ರ ರಸ್ತೆ ಥರ ಇಲ್ಲ. ನನ್ನ ತಂಗಿ ಯಂತ್ರದ ಥರ ಆದ್ಲು. ಅದಕ್ಕೇ ಗೆರೆ ಸೇರಿದ್ದು. ಅದನ್ನ ಬರೀರಿ!"

ಸರ್ ಕೂಗಾಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನ ಸಂಕಟ ಅರ್ಥ ಆಗುತ್ತೆ. ಆದ್ರೆ ಅಪಘಾತ ಆಗಿದ್ದು ರಸ್ತೇಲಮ್ಮಾ, ನಮ್ಮ ಕೋಣೇಲಲ್ಲ" ಅಂದರು. ಮತ್ತೆ ಮೆತ್ತಗೆ, "ಒಂದೇ ಒಂದು ಬಾಕಿ. ನಮ್ಮ ಯಂತ್ರ ರಸ್ತೆಗೆ ಎಷ್ಟು ಹತ್ತಿರ ಇತ್ತು ಅಂತ ಹತ್ತಕ್ಕೆ ಎಷ್ಟು ಕೊಡ್ತಾಳೆ, ಎಲ್ಲರನ್ನೂ ಕೇಳ್ತೀವಲ್ಲ. ಅವಳು ಹುಷಾರಾದ್ಮೇಲೆ ಕೇಳಿದ್ರೆ ಸಾಕು, ಅವಸರ ಇಲ್ಲ."

ಕೇಳಬಾರದು ಅಂತಲೇ ಅಕ್ಕ ಮನೆಗೆ ಬಂದಳು. ದಾರಿಯುದ್ದಕ್ಕೂ ಸರ್‌ಗೆ ಬಾಯಿಗೆ ಬಂದ ಹಾಗೆ ಬೈದಳು. ಆಮೇಲೆ ಆ ಸಂಜೆಗಳಲ್ಲಿ ಸೈಕಲ್ಲಿನ ಹಿಂದೆ ನಿಂತಿದ್ದದ್ದು ಸರ್ ಅಲ್ಲ, ತಾನೇ ಅಂತ ನೆನಪಾಗಿ ಬೈಗುಳವೂ ನಿಂತಿತು.

ಚಿಕ್ಕವಳನ್ನು ಮನೆಗೆ ಕರೆತಂದು ಮುಂದಿನ ಕೋಣೆಯಲ್ಲಿ ಮಲಗಿಸಿದ್ದರು. ಭುಜದಿಂದ ಗದ್ದದವರೆಗೂ ಗಟ್ಟಿ ಪಟ್ಟಿ. ಅಂಚೆ ಕೆಲಸಕ್ಕೆ ಆಗಲೇ ಬೇರೆ ಯಾರೋ ಸೇರಿದ್ದರು. ಆ ದಿನ ಮಧ್ಯಾಹ್ನ ಅವರೇ ಬಂದು ಇವರ ಮನೆಯ ಬಾಗಿಲಿಗೆ ಬ್ಯಾಂಕಿನ ಕಾಗದ ಕೊಟ್ಟುಹೋಗಿದ್ದರು.

"ಅಕ್ಕ, ನನ್ನ ಗೆರೆ ಹೇಗೆ ಬಂತು?" ಅಂತ ಚಿಕ್ಕವಳೇ ಕೇಳಿದಳು. "ಹಾಳಾಯ್ತಾ? ನಿನ್ನ ಕೆಲಸಕ್ಕೆ ತೊಂದ್ರೆ ಆಯ್ತಾ?"

ಅಕ್ಕನಿಗೆ ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಇಲ್ಲ. ಎರಡೂ ಒಂದೇ ಥರ ಬಂತು. ನಿನ್ನಷ್ಟು ಚೆನ್ನಾಗಿ ಯಾರದ್ದೂ ಬಂದಿಲ್ಲವಂತೆ."

ಚಿಕ್ಕವಳ ಮುಖ ಅರಳಿತು. ದೇವರೇ, ಆ ಮುಖ ಅರಳಿದ್ದನ್ನು ನೋಡುವುದಕ್ಕಿಂತ ನಾಲ್ಕು ಏಟು ತಿನ್ನುವುದು ವಾಸಿ ಅನ್ನಿಸಿತು ಅಕ್ಕನಿಗೆ.

"ಮತ್ತೆ ಅದು ಕೇಳೋದಿಲ್ವಾ? ಹತ್ತಕ್ಕೆ ಎಷ್ಟು ಅಂತ?"

"ಈಗ ಬೇಡ ಬಿಡು."

"ಹತ್ತಕ್ಕೆ ಹತ್ತು ಹಾಕು. ಎಲ್ಲ ಥೇಟ್ ಹಾಗೇ ಇತ್ತಕ್ಕ. ಅಂಗಡಿ, ಕಂಬ, ಗಾಳಿ ಕೂಡ."

ಅಷ್ಟರಲ್ಲಿ ಅವಳ ತಲೆಯ ಹಿಂದಿನ ಬಾಗಿಲು ಕಿರ್ ಅಂದಿತು. ಚಿಕ್ಕವಳ ಕಣ್ಣು ತಟ್ಟನೆ ಆ ಕಡೆ ಹೊರಟಿತು. ಹಳೆಯ ಅಭ್ಯಾಸ ಎಲ್ಲಿ ಹೋಗಿತ್ತೋ, ಈಗ ಬಂತು. ಕತ್ತಿನ ನರ ಬಿಗಿಯಿತು, ಗದ್ದ ಪಟ್ಟಿಗೆ ಒತ್ತಿಕೊಂಡಿತು, ಅಲ್ಲೇ ನಿಂತಿತು. ಮತ್ತೆ ಒಂದು ಸಲ ಪ್ರಯತ್ನ ಮಾಡಿದಳು. ಆಗಲಿಲ್ಲ.

"ಹಿಂದೆ ಯಾರಕ್ಕ?"

ಅಕ್ಕ ತಿರುಗಿ ನೋಡಿದಳು. ಅಮ್ಮ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಮ್ಮ" ಅಂದಳು ಅಕ್ಕ.

ಚಿಕ್ಕವಳು ಸೂರು ನೋಡುತ್ತ, ಪಟ್ಟಿಯ ಮೇಲೆ ಬೆರಳಾಡಿಸಿದಳು. ದವಡೆಯ ಎರಡೂ ಕಡೆ ಅದು ಹೇಗೆ ಹಿಡಿದುಕೊಂಡಿದೆ ಅಂತ ತಡವಿ ನೋಡಿದಳು. ಆಮೇಲೆ ಅಕ್ಕನನ್ನು ನಗಿಸಬೇಕು ಅಂತಲೇ ಹೇಳಿದಳು:

"ಇದಕ್ಕೂ ಹತ್ತಕ್ಕೆ ಹತ್ತು ಕೊಡ್ಬಹುದು ಕಣಕ್ಕ. ಥೇಟ್ ನಿನ್ನ ಕೈ ಇದ್ದ ಹಾಗೇ ಇದೆ."